ಕ್ಷಿಪಣಿ ಬಿದ್ದ ಔಷಧ ಕಾರ್ಖಾನೆಗೆ ಮುಂಬೈಯಿಂದ ಹಣ ಹೊಂದಿಸಿದ ಬಗೆ

ಯುದ್ಧದಲ್ಲಿ ಸುಟ್ಟ ಔಷಧ ಕಾರ್ಖಾನೆಯನ್ನು ಮತ್ತೆ ಕಟ್ಟುವ ಕೆಲಸ ಹಿಡಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ ಬ್ಯಾಂಕು ಸಾಲ ಕೊಡುತ್ತದೆ? ನಮ್ಮ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ಇದ್ದ ವಿಮೆಯಿಂದ ಏನಾದರೂ ಬರುತ್ತದೆಯೇ ಎಂಬುದು ಮೊದಲನೆಯದು. ಏನಿತ್ತು, ಏನು ಹೋಯಿತು ಎಂಬುದಕ್ಕೆ ಕಾಗದ ಇದೆಯೇ ಎಂಬುದು ಎರಡನೆಯದು. ನಮ್ಮ ಕೈಗೆ ಬಂದದ್ದು ಉಕ್ರೇನಿನ ಒಂದು ಕಾರ್ಖಾನೆ. ಮಾತ್ರೆ, ಕ್ಯಾಪ್ಸೂಲು, ಜೊತೆಗೆ ಸಣ್ಣದೊಂದು ಇಂಜೆಕ್ಷನ್ ಲೈನ್. ಮಾತೃ ಕಂಪನಿ ಅಂಧೇರಿಯಲ್ಲಿ. ಹಣಕಾಸು ನೋಡುವ ನಾವು ಮುಂಬೈಯಲ್ಲಿ, ವ್ಯಾಲಿಡೇಶನ್ (ಯಂತ್ರ, ನೀರು, ತಯಾರಿಕೆ ಪ್ರತಿ ಬಾರಿಯೂ ಸರಿಯಾಗಿಯೇ ನಡೆಯುತ್ತದೆಂದು ಪರೀಕ್ಷಿಸಿ ದಾಖಲಿಸುವ ಕೆಲಸ) ನೋಡುವವರು ಪುಣೆಯಲ್ಲಿ, ತಾತ್ಕಾಲಿಕ ಉತ್ಪಾದನೆ ಗೋವಾದ ವೆರ್ಣಾದಲ್ಲಿ. ಮೂರೂ ಕಡೆ ಕನ್ನಡದವರೇ ಇದ್ದುದರಿಂದ ಮಾತುಕತೆಯೆಲ್ಲ ಕನ್ನಡದಲ್ಲೇ ನಡೆಯಿತು. ಕಂಪನಿಯ ಹೆಸರು ಇಲ್ಲಿ ಬೇಡ. ಸಾಲದ ಮೊತ್ತಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡಗೆ ಮಾಡಿ ಕೊಟ್ಟಿದ್ದೇವೆ.

ವಿಮೆಯ ವಿಷಯ ಬೇಗ ಮುಗಿಯುತ್ತದೆ. ನಮ್ಮ ದೇಶದ ಫೈರ್ ಪಾಲಿಸಿಯಾಗಲಿ, ಅಲ್ಲಿನ ಮಾಮೂಲು ಆಸ್ತಿ ವಿಮೆಯಾಗಲಿ ಯುದ್ಧವನ್ನು ಹೊರಗಿಟ್ಟೇ ಬರೆದಿರುತ್ತವೆ. ನೆಲದ ಮೇಲಿನ ಆಸ್ತಿಗೆ ಯುದ್ಧದ ವಿಮೆ ಕೊಡುವುದಿಲ್ಲವೆಂದು ಲಂಡನ್ ಮಾರುಕಟ್ಟೆ 1937ರಲ್ಲೇ ತನ್ನೊಳಗೆ ಒಪ್ಪಂದ ಮಾಡಿಕೊಂಡಿತ್ತು. ಹಡಗಿಗೆ, ಹಡಗಿನ ಸರಕಿಗೆ ಕೊಡಬಹುದು, ಊರಿಗೆ ಕೊಡಲಾಗದು ಎಂಬುದು ಅದರ ತರ್ಕ. ಒಂದೇ ರಾತ್ರಿ ಇಡೀ ಕೈಗಾರಿಕಾ ಪ್ರದೇಶ ಸುಟ್ಟರೆ ಯಾವ ವಿಮಾದಾರನೂ ಉಳಿಯುವುದಿಲ್ಲ. ‘ಸುಟ್ಟದ್ದು ಬೆಂಕಿಯಿಂದ ತಾನೇ, ಬೆಂಕಿಗೆ ಕವರ್ ಇದೆಯಲ್ಲ’ ಎಂಬ ವಾದವನ್ನು ಪ್ರತಿ ಕಂಪನಿಯ ಅಕೌಂಟ್ಸ್ ವಿಭಾಗವೂ ಒಮ್ಮೆ ಮಾಡುತ್ತದೆ. ಬೆಂಕಿ ಹತ್ತಿದ್ದಕ್ಕೆ ಕಾರಣ ಕ್ಷಿಪಣಿ, ಕ್ಷಿಪಣಿಗೆ ಕಾರಣ ಯುದ್ಧ. ಅಲ್ಲಿಗೆ ಪಾಲಿಸಿಯ ಬಾಗಿಲು ಮುಚ್ಚಿತು.

ಎರಡು ಕಡೆ ಮಾತ್ರ ಕಣ್ಣಿಟ್ಟು ಓದಬೇಕು. ಒಂದು, ದಾರಿಯಲ್ಲಿದ್ದ ಕಚ್ಚಾವಸ್ತುವಿನ ಮರೀನ್ ಪಾಲಿಸಿ. ಅದಕ್ಕೆ ಜೋಡಿಸಿದ ಯುದ್ಧದ ಷರತ್ತು ಸರಕು ಹಡಗಿಗೆ ಏರಿದಾಗ ಶುರುವಾಗಿ, ಕೊನೆಯ ಬಂದರಿನಲ್ಲಿ ಇಳಿದಾಗ ಮುಗಿಯುತ್ತದೆ; ಇಳಿಸುವುದು ತಡವಾದರೆ ಹಡಗು ಬಂದ ದಿನದ ನಡುರಾತ್ರಿಯಿಂದ 15 ದಿನ, ಅಷ್ಟೆ. ಗೋದಾಮಿನಿಂದ ಗೋದಾಮಿಗೆ ಎಂದು ಪಾಲಿಸಿಯ ಮೇಲ್ಗಡೆ ದಪ್ಪಕ್ಷರದಲ್ಲಿದ್ದರೂ ಯುದ್ಧದ ಭಾಗಕ್ಕೆ ಅದು ಅನ್ವಯಿಸುವುದಿಲ್ಲ. ಇನ್ನೊಂದು, ರಾಜಕೀಯ ಹಿಂಸೆ ಎಂಬ ಹೆಸರಿನಲ್ಲಿ ಪ್ರತ್ಯೇಕ ಪಾಲಿಸಿ ತೆಗೆದಿದ್ದರೆ ಅದರ ಒಳಗಿನ ಪಟ್ಟಿ. ಭಯೋತ್ಪಾದನೆ, ವಿಧ್ವಂಸ, ಗಲಭೆ ಇವಿಷ್ಟೇ ಇದ್ದರೆ ಪ್ರಯೋಜನವಿಲ್ಲ. ‘ಯುದ್ಧ’ ಎಂಬುದು ಪ್ರತ್ಯೇಕ ಕಲಮಾಗಿ ಇರಬೇಕು. ಇದ್ದರೆ ಅದೇ ದಿನ ನೋಟಿಸ್ ಕಳಿಸಿ, ಹಾನಿಯ ಲೆಕ್ಕ ಆಮೇಲೆ ಮಾಡಿದರಾಯಿತು.

ಈಗ ಕಾಗದ. 2025ರ ಏಪ್ರಿಲ್ 12ರಂದು ಕೀವ್‌ನಲ್ಲಿ ಭಾರತೀಯ ಮೂಲದ ಕುಸುಮ್ ಕಂಪನಿಯ ಔಷಧ ಗೋದಾಮು ಸುಟ್ಟುಹೋದಾಗ, ರಷ್ಯದ ಕ್ಷಿಪಣಿ ಎಂದು ದೆಹಲಿಯ ಉಕ್ರೇನ್ ರಾಯಭಾರ ಕಚೇರಿ ಹೇಳಿತು, ರಷ್ಯ ಅಲ್ಲಗಳೆಯಿತು. ಯಾವ ದಾಳಿಯಲ್ಲೂ ಹೀಗೆ ಎರಡು ಮಾತು ಬರುತ್ತದೆ. ಆದ್ದರಿಂದ ಪತ್ರಿಕೆಯ ತುಣುಕು, ವಾಟ್ಸಾಪ್ ವೀಡಿಯೊ ಸಾಕ್ಷ್ಯವಾಗುವುದಿಲ್ಲ. ಬೇಕಾದದ್ದು ಇವು: ಅಗ್ನಿಶಾಮಕ ಮತ್ತು ತುರ್ತುಸೇವೆಯವರ ಸ್ಥಳ ವರದಿ, ಯುದ್ಧ ನಿಯಮ ಉಲ್ಲಂಘನೆಗೆ ಸಂಬಂಧಿಸಿದ ಅಲ್ಲಿನ ದಂಡಸಂಹಿತೆಯ 438ನೇ ಕಲಮಿನಡಿ ದಾಖಲಾದ ಪ್ರಕರಣದ ಅಧಿಕೃತ ಪ್ರತಿ, ದಾಳಿಯ ಹಿಂದಿನ ದಿನದ ಸ್ಟಾಕ್ ಪಟ್ಟಿ, ಸ್ಥಿರಾಸ್ತಿ ರಿಜಿಸ್ಟರು, ಪ್ರತಿ ಕೋಣೆಯ, ಪ್ರತಿ ಯಂತ್ರದ ನಾಮಫಲಕ ಕಾಣುವಂತೆ ತೆಗೆದ, ಸ್ಥಳ ಮತ್ತು ಸಮಯ ನಮೂದಾದ ಫೋಟೊ. ಉದ್ಯಮಗಳ ಹಾನಿಯನ್ನು ಹೇಗೆ ಅಳೆಯಬೇಕೆಂಬ ವಿಧಾನವನ್ನು ಅಲ್ಲಿನ ಆರ್ಥಿಕ ಸಚಿವಾಲಯ ಮತ್ತು ರಾಜ್ಯ ಆಸ್ತಿ ನಿಧಿ 2022ರ ಅಕ್ಟೋಬರಿನಲ್ಲಿ ಜಂಟಿ ಆದೇಶವಾಗಿ ಹೊರಡಿಸಿವೆ. ಮೌಲ್ಯಮಾಪಕರು ಅದನ್ನೇ ಅನುಸರಿಸಬೇಕು. ಮುಂಬೈಯ ವ್ಯಾಲ್ಯುಯರ್ ತನ್ನ ಮಾಮೂಲು ನಮೂನೆಯಲ್ಲಿ ಬರೆದುಕೊಟ್ಟ ವರದಿ ನಮ್ಮ ಆಡಿಟರಿಗೆ ಸಾಕಾದೀತು, ಅಲ್ಲಿ ನಡೆಯದು.

ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ. ಮಾದಕ ಮತ್ತು ಮನೋಪ್ರಭಾವಿ ಔಷಧಗಳ ಸ್ಟಾಕ್ ಇದ್ದಿದ್ದರೆ ಅದು ಸುಟ್ಟಿತು ಎಂಬುದಕ್ಕೆ ಪ್ರತ್ಯೇಕ ಪ್ರಮಾಣಪತ್ರ ಬೇಕು. ಇಲ್ಲವಾದರೆ ‘ಕಾಣೆಯಾಗಿದೆ’ ಎಂದು ದಾಖಲಾಗಿ, ಆ ಪರವಾನಗಿಯ ನವೀಕರಣ ನಿಲ್ಲುತ್ತದೆ; ಸಾಲದ ಷರತ್ತುಗಳಲ್ಲಿ ಎಲ್ಲ ಪರವಾನಗಿಯೂ ಚಾಲ್ತಿಯಲ್ಲಿರಬೇಕೆಂಬ ಒಂದು ಸಾಲು ಇದ್ದೇ ಇರುತ್ತದೆ.

ಈ ಕಾಗದಗಳು ಪರಿಹಾರಕ್ಕೂ ಬೇಕು. ಕೌನ್ಸಿಲ್ ಆಫ್ ಯುರೋಪ್ 2023ರ ಮೇಯಲ್ಲಿ ಉಕ್ರೇನಿಗಾಗಿ ಹಾನಿ ರಿಜಿಸ್ಟರ್ ಸ್ಥಾಪಿಸಿತು. ಅದರ ಕಚೇರಿ ಹೇಗ್‌ನಲ್ಲಿದೆ, 2024ರ ಏಪ್ರಿಲಿನಿಂದ ಅರ್ಜಿ ಸ್ವೀಕಾರ ಶುರುವಾಯಿತು. ಅದು ದಾಖಲಿಸುತ್ತದೆ, ಹಣ ಕೊಡುವುದಿಲ್ಲ. ಅರ್ಜಿ ಹಾಕಿ, ಆದರೆ ಆ ಮೊತ್ತವನ್ನು ಹಣಕಾಸಿನ ಯೋಜನೆಯಲ್ಲಿ ಸೊನ್ನೆ ಎಂದೇ ಹಿಡಿಯಿರಿ. ಲೆಕ್ಕಪತ್ರದ ನಿಯಮವೂ ಹಾಗೆಯೇ ಹೇಳುತ್ತದೆ: ಬರುವುದು ಬಹುತೇಕ ಖಚಿತವಾಗುವವರೆಗೆ ಅದನ್ನು ಆಸ್ತಿ ಎಂದು ತೋರಿಸುವಂತಿಲ್ಲ. ಸುಡಾನಿನ ಅಲ್ ಶಿಫಾ ಕಾರ್ಖಾನೆಯ ಕಡತವನ್ನು ಈ ವಿಷಯಕ್ಕಾಗಿ ಓದಬೇಕು. 1997ರಲ್ಲಿ ಉದ್ಘಾಟನೆಯಾಗಿ, 1998ರ ಆಗಸ್ಟ್ 20ರಂದು ಅಮೆರಿಕದ ಕ್ಷಿಪಣಿಗೆ ನೆಲಸಮವಾಯಿತು. ಮಾಲೀಕರು ಅಮೆರಿಕದ ಕೋರ್ಟುಗಳಲ್ಲೇ ದಾವೆ ಹೂಡಿದರು. ಇದು ರಾಜಕೀಯ ನಿರ್ಧಾರ, ನಾವು ಪ್ರಶ್ನಿಸಲಾರೆವು ಎಂದು 2010ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟಿನ ಪೂರ್ಣಪೀಠ ಕೈತೊಳೆದುಕೊಂಡಿತು. ಕಾರ್ಖಾನೆ ಮತ್ತೆ ಎದ್ದಿಲ್ಲ.

ಸ್ಥಳ ಪರಿಶೀಲನೆಗೆ ಇಳಿಯುವ ಮೊದಲು ಸಿಡಿಯದ ಮದ್ದುಗುಂಡು ಇಲ್ಲವೆಂಬ ಪತ್ರ ಬೇಕು. ಅದಿಲ್ಲದೆ ಸಾಲ ಕೊಡುವವರ ಇಂಜಿನಿಯರು ಗೇಟಿನೊಳಗೆ ಕಾಲಿಡುವುದಿಲ್ಲ, ಅವನ ವರದಿಯಿಲ್ಲದೆ ಬಜೆಟ್ಟಿಲ್ಲ. ಹಳೆಯ ಸೋವಿಯತ್ ಕಾಲದ ಶೆಡ್ಡಾಗಿದ್ದರೆ ಛಾವಣಿಯ ಹಾಳೆಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಪುಡಿಯಾದ ಆಸ್ಬೆಸ್ಟಾಸ್ ಅವಶೇಷವನ್ನು ಜೆಸಿಬಿಯಲ್ಲಿ ಎತ್ತಿ ಲಾರಿಗೆ ಹಾಕಿದರೆ ಅಂತರರಾಷ್ಟ್ರೀಯ ಅಭಿವೃದ್ಧಿ ಬ್ಯಾಂಕುಗಳ ಪರಿಸರ ವಿಭಾಗ ಕಡತ ಹಿಂದಕ್ಕೆ ಕಳಿಸುತ್ತದೆ. ದ್ರಾವಕ, ಸುಟ್ಟ ಕ್ರಿಯಾಶೀಲ ಔಷಧದ್ರವ್ಯ ಸೇರಿದ ಕಸಕ್ಕೂ ಅಪಾಯಕಾರಿ ತ್ಯಾಜ್ಯದ ದಾರಿಯೇ. ಈ ತೆರವಿನ ಖರ್ಚನ್ನು ಬಜೆಟ್ಟಿನ ಮೊದಲ ಸಾಲಾಗಿ ಬರೆಯಿರಿ. ಇತರೆ ಎಂಬ ಶೀರ್ಷಿಕೆಯ ಕೆಳಗೆ ತುರುಕಬೇಡಿ.

ಉಳಿಸಬಹುದಾದದ್ದು ಏನು ಎಂಬಲ್ಲಿ ಎಲ್ಲರೂ ಆಸೆ ಪಡುತ್ತಾರೆ, ಹಣ ಹೋಗುವುದೂ ಇಲ್ಲೇ. ಬೆಂಕಿ ತಲುಪದ ಕೋಣೆಯ ಸ್ಟೀಲ್ ಪೈಪು ಹೊರಗಿನಿಂದ ಹೊಳೆಯುತ್ತಲೇ ಇರುತ್ತದೆ. ಆದರೆ ಕೇಬಲ್ಲಿನ ಪಿವಿಸಿ ಹೊದಿಕೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ. ಅದು ತೇವದೊಂದಿಗೆ ಆಮ್ಲವಾಗಿ ಮಸಿಯ ಜೊತೆ ಎಲ್ಲೆಡೆ ಕೂರುತ್ತದೆ. ತುಕ್ಕು ಹಿಡಿಯದೆಂದು ಬಳಸುವ 316ಎಲ್ ಸ್ಟೀಲ್ ಕೂಡ ಕ್ಲೋರೈಡಿಗೆ ಸೋತು ಸಣ್ಣ ಸಣ್ಣ ಗುಳಿ ಬೀಳುತ್ತದೆ. ಆ ಗುಳಿಗಳಲ್ಲಿ ಸೂಕ್ಷ್ಮಾಣು ಪದರ ಬೆಳೆದರೆ ಶುದ್ಧನೀರು ಸುತ್ತುವ ಪೈಪುಜಾಲ (ಲೂಪು) ಪರೀಕ್ಷೆಯಲ್ಲಿ ಪಾಸಾಗುವುದೇ ಇಲ್ಲ. ಆದ್ದರಿಂದ ಮೇಲ್ಮೈಯ ಕ್ಲೋರೈಡ್ ಪರೀಕ್ಷೆಯನ್ನು ಮೊದಲ ವಾರದಲ್ಲೇ ಮಾಡಿ, ತಕ್ಷಣ ತೊಳೆಸಿ, ಒಣಗಿಸಿ ಇಡಬೇಕು. ತಡವಾದಷ್ಟೂ ಉಳಿಯುವುದು ಕಡಿಮೆ. ಕ್ಲೀನ್‌ರೂಮಿನ ಸ್ಯಾಂಡ್‌ವಿಚ್ ಪ್ಯಾನೆಲ್ಲುಗಳು ಸ್ಫೋಟದ ಒತ್ತಡಕ್ಕೆ ಕೂಡುಗೀಲಿನಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡಿರುತ್ತವೆ. ಸೀಲಂಟ್ ಹಚ್ಚಿದರೆ ನೋಡಲು ಸರಿ. ಆದರೆ ಒಂದು ಸ್ವಚ್ಛತಾ ದರ್ಜೆಯ ಕೋಣೆಗೂ ಪಕ್ಕದ ದರ್ಜೆಗೂ ನಡುವೆ ಇರಬೇಕಾದ 10ರಿಂದ 15 ಪಾಸ್ಕಲ್ ಒತ್ತಡದ ಅಂತರ ನಿಲ್ಲುವುದಿಲ್ಲ. ಗಾಳಿಯ ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರುಗಳನ್ನಂತೂ ಪರೀಕ್ಷಿಸುವುದಕ್ಕೂ ಹೋಗದೆ ಬಿಸಾಡಿ. ಟ್ಯಾಬ್ಲೆಟ್ ಪ್ರೆಸ್ಸಿನ ಎರಕದ ಚೌಕಟ್ಟು, ಅಚ್ಚುಗಳನ್ನು ಹಿಡಿದು ತಿರುಗುವ ಟರೆಟ್ಟು ಉಳಿಯಬಹುದು. ಅದರ ಕಂಟ್ರೋಲ್ ಪ್ಯಾನೆಲ್ ಉಳಿಯದು. ಔಷಧದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಗಳ ರಿಪೇರಿಗೆ ಕೈಹಾಕಬಾರದು ಎಂಬುದು ನಮ್ಮ ನಿಲುವು. ಮುಂದೆ ಬರುವ ಪ್ರತಿ ಸಂಶಯಾಸ್ಪದ ಫಲಿತಾಂಶಕ್ಕೂ ಇನ್‌ಸ್ಪೆಕ್ಟರು ಅದನ್ನೇ ಬೊಟ್ಟುಮಾಡುತ್ತಾರೆ.

ಯಂತ್ರಕ್ಕಿಂತ ದುಬಾರಿಯಾಗುವ ನಷ್ಟ ದಾಖಲೆಯದು. ಬ್ಯಾಚ್ ರೆಕಾರ್ಡು, ವ್ಯಾಲಿಡೇಶನ್ ವರದಿ, ಔಷಧ ಎಷ್ಟು ಕಾಲ ಕೆಡದೆ ಇರುತ್ತದೆಂದು ನೋಡುವ ಸ್ಥಿರತೆ ಪರೀಕ್ಷೆಯ ಅಂಕಿಗಳಿದ್ದ ಸರ್ವರು ಅದೇ ಕಟ್ಟಡದ ನೆಲಮಾಳಿಗೆಯಲ್ಲಿದ್ದರೆ ಪ್ರತಿ ಔಷಧವನ್ನೂ ಹೊಸದಾಗಿ ಬೆಳೆಸಿದಂತೆಯೇ ಶುರುಮಾಡಬೇಕು. ಸ್ಥಿರತೆ ಚೇಂಬರಿನಲ್ಲಿದ್ದ ಮಾದರಿಗಳು, ಈಗಾಗಲೇ ಮಾರಾಟವಾದ ಬ್ಯಾಚುಗಳ ಕಾದಿಟ್ಟ ಮಾದರಿಗಳು ಹೋದರೆ, ಅಂಗಡಿಯಲ್ಲಿರುವ ಮಾಲಿನ ಬಗ್ಗೆ ದೂರು ಬಂದಾಗ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಇದನ್ನು ನಿಯಂತ್ರಣ ಸಂಸ್ಥೆಗೆ ನಾವೇ ಮೊದಲು ಬರೆದು ತಿಳಿಸಿದ್ದು ಒಳ್ಳೆಯದಾಯಿತು. ಹಣ ಕೊಡುವವರು ಈ ಬಗ್ಗೆ ಕೇಳುವುದಿಲ್ಲ. ಕೇಳದಿದ್ದರೂ ವೇಳಾಪಟ್ಟಿಯನ್ನು ನಿರ್ಧರಿಸುವುದು ಇದೇ.

ಬಜೆಟ್ ಕೂಡಿಸಿದಾಗ ಗೋಡೆ, ಛಾವಣಿಗಿಂತ ಗಾಳಿ, ನೀರು, ವಿದ್ಯುತ್, ಯಂತ್ರಗಳ ಮೊತ್ತವೇ ಮೇಲೆ ಬಂತು. 2022ರ ಅಕ್ಟೋಬರಿನಿಂದ ಅಲ್ಲಿನ ವಿದ್ಯುತ್ ಜಾಲದ ಮೇಲೇ ದಾಳಿ ನಡೆಯುತ್ತಿರುವುದರಿಂದ ಜನರೇಟರನ್ನು ಮುಖ್ಯ ಯಂತ್ರವೆಂದೇ ಹಿಡಿಯಬೇಕು. ಕ್ರಿಮಿರಹಿತ ವಿಭಾಗದ ಗಾಳಿ ವ್ಯವಸ್ಥೆ ದಿನದ 24 ಗಂಟೆಯೂ ಓಡಬೇಕು, ಚಿಲ್ಲರ್ ಶುರುವಾಗುವಾಗಿನ ಎಳೆತ ತಡೆಯುವಷ್ಟು ದೊಡ್ಡ ಜನರೇಟರ್ ಬೇಕು, ಡೀಸೆಲ್ ಸಂಗ್ರಹ ಬೇಕು. ಇಡೀ ಕಾರ್ಖಾನೆಯನ್ನು ಒಂದೇ ಸೂರಿನಡಿ ಮತ್ತೆ ಕಟ್ಟುವುದು ಅಗ್ಗ. ಎರಡು ಕಟ್ಟಡಕ್ಕೆ ಹಂಚಿದರೆ ಖರ್ಚು ಏರುತ್ತದೆ, ಇನ್ನೊಂದು ಏಟಿಗೆ ಎಲ್ಲವೂ ಹೋಗುವುದು ತಪ್ಪುತ್ತದೆ. ನಾವು ಎರಡು ಕಟ್ಟಡದ ಪರವಾಗಿ ಬರೆದೆವು. ಸಾಲ ಕೊಡುವವರೂ ತಕರಾರಿಲ್ಲದೆ ಒಪ್ಪಿದರು.

ಇನ್ನು ಮುಂಬೈ ಕಡೆಯ ಕೆಲಸ. ಮಾತೃ ಕಂಪನಿ ಇಲ್ಲಿಂದ ಹಾಕುವ ಬಂಡವಾಳ, ಕೊಡುವ ಸಾಲ, ಗ್ಯಾರಂಟಿ ಮೂರೂ 2022ರ ಆಗಸ್ಟಿನಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳಡಿ ಬರುತ್ತವೆ. ಒಟ್ಟು ಬದ್ಧತೆ ಕಂಪನಿಯ ನಿವ್ವಳ ಮೌಲ್ಯದ 400% ಮೀರಬಾರದು. ಆ ನಿವ್ವಳ ಮೌಲ್ಯ 18 ತಿಂಗಳಿಗಿಂತ ಹಳೆಯದಲ್ಲದ, ಆಡಿಟ್ ಆದ ಬ್ಯಾಲೆನ್ಸ್ ಶೀಟಿನದು. ಇಲ್ಲೊಂದು ತೊಡಕಿದೆ. ಕಾರ್ಖಾನೆ ಸುಟ್ಟ ಮೇಲೆ ಆ ಹೂಡಿಕೆಯ ಮೌಲ್ಯವನ್ನು ಮಾತೃ ಕಂಪನಿ ತನ್ನ ಪುಸ್ತಕದಲ್ಲಿ ಇಳಿಸಲೇಬೇಕು. ಇಳಿಸಿದರೆ ನಿವ್ವಳ ಮೌಲ್ಯ ಕುಗ್ಗುತ್ತದೆ, ಅದರ ಬೆನ್ನಿಗೇ 400%ರ ಮಿತಿಯೂ ಕುಗ್ಗುತ್ತದೆ. ಹೆಚ್ಚು ಹಣ ಬೇಕಾದ ವರ್ಷದಲ್ಲೇ ಕಡಿಮೆ ಕಳಿಸಬಹುದಾದ ಸ್ಥಿತಿ. ಆದ್ದರಿಂದ ಇಳಿಕೆಗೆ ಮುಂಚಿನ ಮಿತಿ, ನಂತರದ ಮಿತಿ ಎರಡನ್ನೂ ಮೊದಲ ದಿನವೇ ಲೆಕ್ಕ ಹಾಕಿ ಇಟ್ಟುಕೊಳ್ಳಬೇಕು.

ಹಣ ಹೊರಡುವ ಮೊದಲು ಬ್ಯಾಂಕಿನ ಮೂಲಕ ಹಣಕಾಸು ಬದ್ಧತೆ ತಿಳಿಸುವ ಫಾರ್ಮ್ ಎಫ್‌ಸಿ, ಆ ವಿದೇಶಿ ಕಂಪನಿಗೆ ರಿಸರ್ವ್ ಬ್ಯಾಂಕ್ ಕೊಡುವ ಯುಐಎನ್ ಗುರುತು ಸಂಖ್ಯೆ. ಹೋದ ಮೇಲೆ 6 ತಿಂಗಳೊಳಗೆ ಷೇರು ಪ್ರಮಾಣಪತ್ರ. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ಕಾರ್ಯಕ್ಷಮತೆ ವರದಿ. ಯುದ್ಧ ನಡೆಯುವ ಊರಿನಲ್ಲಿ ಆಡಿಟ್ ಸಕಾಲಕ್ಕೆ ಆಗುವುದಿಲ್ಲ, ವರದಿ ಬಾಕಿ ಬೀಳುತ್ತದೆ. ಬಾಕಿ ಇರುವಾಗ ಹೊಸದಾಗಿ ಒಂದು ಡಾಲರೂ ಕಳಿಸುವಂತಿಲ್ಲ. ತಡ ಶುಲ್ಕ ಕಟ್ಟಿ ಸರಿಪಡಿಸಿದ ಮೇಲೆಯೇ ಮುಂದಿನ ಮಾತು. ಶುಲ್ಕ ಸಣ್ಣದು, ನಷ್ಟವಾಗುವುದು ಸಮಯ. ಹಳೆಯ ಬಾಕಿಗಳನ್ನು ಸಾಲದ ಮುಖ್ಯ ಷರತ್ತುಗಳ ಪತ್ರವಾದ ಟರ್ಮ್ ಶೀಟ್ ಸಹಿಗೆ ಮೊದಲೇ ತೀರಿಸಿಕೊಳ್ಳಿ.

ಗ್ಯಾರಂಟಿಯಲ್ಲಿ ಇನ್ನೊಂದು ಕೊಕ್ಕೆ. ಸಾಲದಾತರ ಕರಡು ‘ಬಾಕಿಯಾದ ಎಲ್ಲ ಹಣಕ್ಕೂ’ ಎಂದು ಮಿತಿಯಿಲ್ಲದೆ ಬರೆದಿರುತ್ತದೆ. ನಮ್ಮ ನಿಯಮದಲ್ಲಿ ಮೊತ್ತ, ಅವಧಿ ಇಲ್ಲದ ಗ್ಯಾರಂಟಿಗೆ ಅವಕಾಶವೇ ಇಲ್ಲ. ವಕೀಲರು ಇದನ್ನು ಕೊನೆಯ ವಾರದಲ್ಲಿ ನೋಡಿದರೆ ಸಹಿ ಮುಂದಕ್ಕೆ ಹೋಗುತ್ತದೆ. ಅಸಲು, ಬಡ್ಡಿ, ವೆಚ್ಚ ಸೇರಿಸಿ ಒಂದು ಗರಿಷ್ಠ ಮೊತ್ತ, ಒಂದು ಕೊನೆಯ ದಿನಾಂಕ ಎಂದು ಮೊದಲ ಕರಡಿನಲ್ಲೇ ಬರೆಸಿದರೆ ಸಾಕು.

ಹಣ ಎಲ್ಲಿಂದ? ರಫ್ತು, ಆಮದಿಗೆ ಸಾಲ ಕೊಡುವ, ಕಫ್ ಪರೇಡಿನ ಎಕ್ಸಿಮ್ ಬ್ಯಾಂಕಿಗೆ ಸಾಗರೋತ್ತರ ಹೂಡಿಕೆಗೆ ಸಾಲ ಕೊಡುವ ಯೋಜನೆ ಇದೆ. ಮಾತೃ ಕಂಪನಿಗೂ ಕೊಡಬಹುದು, ಅಲ್ಲಿನ ಕಂಪನಿಗೆ ನೇರವಾಗಿಯೂ ಕೊಡಬಹುದು. ಯಂತ್ರಗಳು ಭಾರತದಿಂದ ಹೋಗುವುದಾದರೆ ಖರೀದಿದಾರನಿಗೆ ಕೊಡುವ ರಫ್ತು ಸಾಲ ಇನ್ನೊಂದು ದಾರಿ. ಸರ್ಕಾರಿ ರಫ್ತು ಸಾಲ ವಿಮಾ ಸಂಸ್ಥೆಯಾದ ಅಂಧೇರಿಯ ಇಸಿಜಿಸಿಯಲ್ಲಿ ಸಾಗರೋತ್ತರ ಹೂಡಿಕೆ ವಿಮೆ ಸಿಗುತ್ತದೆ, ಯುದ್ಧವೂ ಅದರಲ್ಲಿ ಸೇರುತ್ತದೆ. ಆದರೆ ದೇಶವಾರು ಪಟ್ಟಿ ಇದೆ. ನಿರ್ಬಂಧಿತ ಕವರ್ ಗುಂಪಿನ ದೇಶವಾದರೆ ಪ್ರತಿ ಅರ್ಜಿಯನ್ನೂ ಪ್ರತ್ಯೇಕವಾಗಿ ತೂಗುತ್ತಾರೆ. ವಿಶ್ವ ಬ್ಯಾಂಕ್ ಗುಂಪಿನ ಮಿಗಾ ಸಂಸ್ಥೆ ಯುದ್ಧ, ಸ್ವಾಧೀನ, ಹಣ ವರ್ಗಾವಣೆಯ ತಡೆ ಇವುಗಳ ವಿರುದ್ಧ ಷೇರು ಬಂಡವಾಳದ 90%, ಸಾಲದ 95%ವರೆಗೆ ಗ್ಯಾರಂಟಿ ಕೊಡುತ್ತದೆ. ಅದು ಮುಖ್ಯವಾಗಿ ಹೊಸ ಹೂಡಿಕೆಗೆ. ಹಣ ಹಾಕುವ ಮುನ್ನ, ಹಿಂದೆ ಸರಿಯಲಾಗದಂತೆ ಒಪ್ಪಂದವಾಗುವ ಮುನ್ನ ಪ್ರಾಥಮಿಕ ಅರ್ಜಿ ಹೋಗಿರಬೇಕು. ಉತ್ಸಾಹದಲ್ಲಿ ಯಂತ್ರಗಳಿಗೆ ಅಡ್ವಾನ್ಸ್ ಕೊಟ್ಟುಬಿಟ್ಟರೆ ಅಷ್ಟು ಭಾಗ ಗ್ಯಾರಂಟಿಯ ಹೊರಗೆ ಉಳಿಯುವ ಅಪಾಯವಿದೆ. ಯುರೋಪಿನ ಅಭಿವೃದ್ಧಿ ಬ್ಯಾಂಕು ಇಬಿಆರ್‌ಡಿ, ವಿಶ್ವ ಬ್ಯಾಂಕ್ ಗುಂಪಿನದೇ ಆದ ಐಎಫ್‌ಸಿ ಇವು ಅಲ್ಲಿನ ಸ್ಥಳೀಯ ಬ್ಯಾಂಕುಗಳ ನಷ್ಟದ ಒಂದು ಪಾಲನ್ನು ತಾವು ಹೊರುವ ಏರ್ಪಾಡು ಮಾಡಿಕೊಂಡಿವೆ; ಯುರೋಪಿಯನ್ ಒಕ್ಕೂಟ 2024–2027ಕ್ಕೆ ತೆಗೆದಿರಿಸಿದ 5,000 ಕೋಟಿ ಯೂರೊ ಉಕ್ರೇನ್ ನೆರವಿನಲ್ಲೂ ಹೂಡಿಕೆಗೆ ಒಂದು ಭಾಗ ಇದೆ. ದುಡಿಯುವ ಬಂಡವಾಳಕ್ಕೆ ಸ್ಥಳೀಯ ಕರೆನ್ಸಿಯ ಸಾಲವೇ ಲೇಸು. ಮಾತ್ರೆ ಮಾರುವುದು ಹ್ರಿವ್ನಿಯಾದಲ್ಲಿ, ಅದನ್ನು ಡಾಲರಿನಲ್ಲಿ ತೀರಿಸುವ ಹುಚ್ಚು ಬೇಡ.

ಹಣ ಹೊರಗೆ ತರುವುದೂ ಒಂದು ಲೆಕ್ಕ. 2022ರ ಫೆಬ್ರವರಿ 24ರಂದು ಅಲ್ಲಿನ ರಾಷ್ಟ್ರೀಯ ಬ್ಯಾಂಕು ವಿದೇಶಕ್ಕೆ ಹಣ ಹೋಗುವುದನ್ನು ಬಿಗಿಮಾಡಿತು. 2024ರ ಮೇಯಲ್ಲಿ ಸಡಿಲಿಸಿ, 2024ರಿಂದಾಚೆಗಿನ ಲಾಭದ ಲಾಭಾಂಶವನ್ನು ತಿಂಗಳಿಗೆ 10 ಲಕ್ಷ ಯೂರೊವರೆಗೆ ಕಳಿಸಲು ಬಿಟ್ಟಿತು. ಹಳೆಯ ಲಾಭ ಅಲ್ಲೇ ಕಟ್ಟುಬಿದ್ದಿದ್ದರೆ ಅದನ್ನೇ ಮರುನಿರ್ಮಾಣಕ್ಕೆ ಹಾಕುವುದು ಜಾಣತನ: ಇಲ್ಲಿಂದ ಹೊಸ ಹಣ ಅಷ್ಟು ಕಡಿಮೆ ಸಾಕು. ಈ ಆದೇಶಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಸಾಲದ ಕರಾರಿಗೆ ಸಹಿ ಹಾಕುವ ದಿನ ಚಾಲ್ತಿಯಲ್ಲಿರುವ ಪಠ್ಯವನ್ನು ಕೀವ್‌ನ ಬ್ಯಾಂಕಿನಿಂದ ಲಿಖಿತವಾಗಿ ತರಿಸಿಕೊಳ್ಳಿ.

ಯಂತ್ರ ಖರೀದಿಯಲ್ಲಿ ದುಡ್ಡು ಸೋರುವ ಜಾಗ ವಾರಂಟಿ. ‘ಚಾಲನೆಯಾದ ದಿನದಿಂದ 12 ತಿಂಗಳು ಅಥವಾ ರವಾನೆಯಾದ ದಿನದಿಂದ 18 ತಿಂಗಳು, ಯಾವುದು ಮೊದಲೋ ಅದು’ ಎಂದು ನಮ್ಮ ಯಂತ್ರ ತಯಾರಕರ ಕೊಟೇಶನ್ನಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಪೋಲೆಂಡಿನ ಬಂದರಿಗೆ ಇಳಿಸಿ ಲಾರಿಯಲ್ಲಿ ಗಡಿ ದಾಟಿಸಬೇಕು. ರೈಲಾದರೆ ಅವರ ಹಳಿ 1520 ಮಿಲಿಮೀಟರ್, ಪೋಲೆಂಡಿನದು 1435, ಗಡಿಯಲ್ಲಿ ಪೆಟ್ಟಿಗೆ ಬದಲಿಸಬೇಕು. ಪೆಟ್ಟಿಗೆ ತಲುಪಿದಾಗ ಕಟ್ಟಡ ಸಿದ್ಧವಿರುವುದಿಲ್ಲ. ಕಟ್ಟಡ ಸಿದ್ಧವಾದಾಗ ತಯಾರಕರ ಇಂಜಿನಿಯರನ್ನು ಯುದ್ಧಪ್ರದೇಶಕ್ಕೆ ಕಳಿಸಲು ಅವರು ಒಪ್ಪುವುದಿಲ್ಲ. ಅಷ್ಟರಲ್ಲಿ 18 ತಿಂಗಳು ಮುಗಿದಿರುತ್ತದೆ. ಹಾಗಾಗಿ ಆರ್ಡರಿನಲ್ಲೇ ಬರೆಸಬೇಕಾದವು: ವಾರಂಟಿ ಚಾಲನೆಯ ದಿನದಿಂದಲೇ ಎಣಿಕೆ, ತಯಾರಕರ ಕಾರ್ಖಾನೆಯಲ್ಲೇ ಪರೀಕ್ಷೆ ನಡೆಯುವಾಗ ಉಕ್ರೇನಿನ ಇಬ್ಬರು ಆಪರೇಟರುಗಳಿಗೆ ತರಬೇತಿ, ಸ್ಥಳದಲ್ಲಿ ಚಾಲನೆಗೆ ವೀಡಿಯೊ ಮೂಲಕ ನೆರವು, ಎರಡು ವರ್ಷಕ್ಕಾಗುವ ಬಿಡಿಭಾಗ ಮೊದಲ ಪೆಟ್ಟಿಗೆಯಲ್ಲೇ. ಆ ಆಪರೇಟರುಗಳನ್ನು ಉಳಿಸಿಕೊಳ್ಳುವುದೂ ಬಜೆಟ್ಟಿನ ವಿಷಯವೇ: ನಿರ್ಣಾಯಕ ಉದ್ಯಮ ಎಂಬ ಮಾನ್ಯತೆ ಇದ್ದರೆ ನೌಕರರಲ್ಲಿ ಒಂದು ಪಾಲನ್ನು ಸೇನಾ ಕರೆಯಿಂದ ಕಾದಿರಿಸಬಹುದು. ಮಾನ್ಯತೆ ತಪ್ಪಿದರೆ ತರಬೇತಿ ಪಡೆದ ಆಪರೇಟರೇ ಸೇನೆಗೆ ಹೋಗುತ್ತಾನೆ.

ಇಂಜೆಕ್ಷನ್ ಲೈನಿಗೆ ಔಷಧವನ್ನು ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್ ಡ್ರೈಯರ್ ಇದ್ದರೆ ಮತ್ತೂ ಒಂದು ತಪಾಸಣೆ. ಒಳಗೇ ಹಬೆಯಿಂದ ಕ್ರಿಮಿಶುದ್ಧಿಯಾಗುವ, 24 ಗಂಟೆಗೆ 10 ಕಿಲೋದಿಂದ 1,000 ಕಿಲೋವರೆಗೆ ಮಂಜುಗಡ್ಡೆ ಹಿಡಿಯುವ ಯಂತ್ರ ಜೈವಿಕ ಅಸ್ತ್ರಕ್ಕೂ ಬಳಕೆಯಾಗಬಹುದೆಂದು ಅಂತರರಾಷ್ಟ್ರೀಯ ರಫ್ತು ನಿಯಂತ್ರಣ ಪಟ್ಟಿಯಲ್ಲಿದೆ. ರಫ್ತಿಗೆ ಅನುಮತಿ ಬೇಕಾದ ವಸ್ತುಗಳ ನಮ್ಮ ಸ್ಕೊಮೆಟ್ ಪಟ್ಟಿಯೊಂದಿಗೆ ತಾಳೆ ನೋಡಿ, ಬೇಕಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಅನುಮತಿ ಪಡೆದೇ ರವಾನಿಸಬೇಕು. ಬ್ಯಾಂಕಿನ ಪಾವತಿ ಭರವಸೆ ಪತ್ರವಾದ ಎಲ್‌ಸಿ ತೆರೆದ ಮೇಲೆ ಇದು ನೆನಪಾದರೆ ಎಲ್‌ಸಿಯ ಅವಧಿ ಮುಗಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಬರುತ್ತದೆ ನಾವು ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕೆಂದಿದ್ದ ಸಂಗತಿ. ಕಟ್ಟಡ ಎದ್ದು ಯಂತ್ರ ತಿರುಗಿದ ದಿನ ಔಷಧ ಕಾರ್ಖಾನೆಗೆ ಆದಾಯ ಶುರುವಾಗುವುದಿಲ್ಲ. ಮುಂಬೈಯ ಒಂದು ಸಭೆಯಲ್ಲಿ ಬ್ಯಾಂಕಿನವರು ಕಾಮಗಾರಿ ಮುಗಿದ 6 ತಿಂಗಳಿಗೆ ಕಂತು ಎಂದಾಗ, ಪುಣೆಯ ವ್ಯಾಲಿಡೇಶನ್ನಿನವರು ನಮ್ಮ ಕಡೆಯ ಶೆಟ್ಟರಿಗೆ ಫೋನಿನಲ್ಲೇ ಹೇಳಿದರು: “ಶೆಟ್ರೇ, ಆರು ತಿಂಗಳಿಗೆ ನನ್ನ ನೀರೇ ಪಾಸಾಗಿರೋದಿಲ್ಲ. ಕಂತು ಯಾವುದರಿಂದ ಕಟ್ತೀರಿ?”

ಅವರ ಮಾತನ್ನು ಬಿಡಿಸಿದರೆ ಹೀಗೆ. ಪ್ರತಿ ಯಂತ್ರಕ್ಕೂ ವಿನ್ಯಾಸ, ಅಳವಡಿಕೆ, ಕಾರ್ಯಾಚರಣೆ, ಕಾರ್ಯಕ್ಷಮತೆ ಎಂಬ ನಾಲ್ಕು ಹಂತದ ಅರ್ಹತಾ ಪರೀಕ್ಷೆ. ಶುದ್ಧನೀರಿಗೆ ಕನಿಷ್ಠ 2 ವಾರ ದಿನನಿತ್ಯ ಪರೀಕ್ಷೆಯ ಮೊದಲ ಹಂತ, ಇನ್ನೂ 2 ವಾರದ ಎರಡನೆಯ ಹಂತ, ಆಮೇಲೆ ಋತುಗಳೆಲ್ಲ ಸೇರುವಂತೆ ಒಂದು ವರ್ಷದ ಮೂರನೆಯ ಹಂತ. ನಡುವೆ ಒಂದು ಕಡೆ ಸೂಕ್ಷ್ಮಾಣು ಎಣಿಕೆ ಮಿಲಿಲೀಟರಿಗೆ 100 ದಾಟಿದರೆ ಮೂಲ ಹುಡುಕಿ, ಸರಿಪಡಿಸಿ, ಮತ್ತೆ ಮೊದಲಿನಿಂದ. ನೀರಿನ ಎರಡನೆಯ ಹಂತದಿಂದ ಉತ್ಪಾದನೆಗೆ ಬಳಸಬಹುದು, ಆಗ ಪ್ರತಿ ಔಷಧದ 3 ಅನುಕ್ರಮ ವ್ಯಾಲಿಡೇಶನ್ ಬ್ಯಾಚು. ಅವನ್ನು 40 ಡಿಗ್ರಿ, 75% ಆರ್ದ್ರತೆಯಲ್ಲಿ 6 ತಿಂಗಳ ತ್ವರಿತ ಸ್ಥಿರತೆ ಪರೀಕ್ಷೆಗೆ ಇಡಬೇಕು. ದೀರ್ಘಾವಧಿ ಪರೀಕ್ಷೆ ಅದರ ಜೊತೆಗೆ ನಡೆಯುತ್ತದೆ. ಇಂಜೆಕ್ಷನ್ನಿಗೆ ಔಷಧದ ಬದಲು ಪೋಷಕ ದ್ರಾವಣ ತುಂಬಿ ಮಾಡುವ ಮೀಡಿಯಾ ಫಿಲ್ 3 ಬಾರಿ ಸತತವಾಗಿ ಪಾಸಾಗಬೇಕು. ಅಂಥ ಪರೀಕ್ಷೆಯ ನಡುವೆ ವಾಯುದಾಳಿಯ ಸೈರನ್ ಮೊಳಗಿದರೆ ಜನ ಆಶ್ರಯಕ್ಕೆ ಇಳಿಯಲೇಬೇಕು. ಆ ಅಡಚಣೆಯನ್ನೂ ವಿನ್ಯಾಸದಲ್ಲೇ ಸೇರಿಸಿ ಪರೀಕ್ಷಿಸುವುದು ಸರಿ, ಏಕೆಂದರೆ ಮುಂದೆ ನಿಜವಾದ ಬ್ಯಾಚಿನಲ್ಲೂ ಅದೇ ಆಗುತ್ತದೆ. ಇದರ ಮೇಲೆ ಉತ್ತಮ ತಯಾರಿಕಾ ಕ್ರಮದ (ಜಿಎಂಪಿ) ತಪಾಸಣೆ, ಔಷಧದ ನೋಂದಣಿ ಪತ್ರದಲ್ಲಿ ಹೊಸ ಉತ್ಪಾದನಾ ಸ್ಥಳದ ತಿದ್ದುಪಡಿ. ಉಕ್ರೇನಿನ ಔಷಧ ನಿಯಂತ್ರಣ ಸೇವೆ 2011ರಿಂದ ಔಷಧ ತಪಾಸಣಾ ಸಂಸ್ಥೆಗಳ ಅಂತರರಾಷ್ಟ್ರೀಯ ಕೂಟವಾದ ಪಿಐಸಿ/ಎಸ್ ಸದಸ್ಯ, ಯುದ್ಧವಿದೆಯೆಂದು ರಿಯಾಯಿತಿ ಎದುರುನೋಡುವಂತಿಲ್ಲ.

ಇದನ್ನು ದುಡ್ಡಿಗೆ ಇಳಿಸೋಣ. ಸಾಲ 120 ಲಕ್ಷ ಡಾಲರ್, ಬಡ್ಡಿ 10%, ತ್ರೈಮಾಸಿಕ 20 ಕಂತು, ಅಂದರೆ ಅಸಲು ಕಂತಿಗೆ 6 ಲಕ್ಷ. ಕಾರ್ಖಾನೆ ಕಟ್ಟುವ 18 ತಿಂಗಳಲ್ಲಿ ಸಾಲವನ್ನು ಸಮನಾಗಿ ಎತ್ತಿದರೆ ಸರಾಸರಿ ಬಾಕಿ 60 ಲಕ್ಷ, ಆ ಅವಧಿಯ ಬಡ್ಡಿಯೇ 9 ಲಕ್ಷ, ಇದು ಬಜೆಟ್ಟಿನಲ್ಲಿರಬೇಕು. ಇನ್ನು ಕಂತು ಶುರುವಾಗಿ ಒಂದು ವರ್ಷ ಮಾರಾಟವಿಲ್ಲದೆ ಹೋದರೆ 4 ಕಂತಿನ ಅಸಲು 24 ಲಕ್ಷ, ಬಡ್ಡಿ ಕ್ರಮವಾಗಿ 3, 2.85, 2.7, 2.55 ಸೇರಿ 11.1 ಲಕ್ಷ. ಒಟ್ಟು 35.1 ಲಕ್ಷ ಡಾಲರ್, ಆದಾಯವೇ ಇಲ್ಲದ ಕಂಪನಿಯ ಕೈಯಿಂದ. ಸಂಬಳ, ಡೀಸೆಲ್, ವ್ಯಾಲಿಡೇಶನ್ನಿಗೆ ಸುರಿಯುವ ಕಚ್ಚಾವಸ್ತು ಇದಕ್ಕೆ ಹೊರತು. ಮರುನಿರ್ಮಾಣದ ಸಾಲಗಳು ಕೆಡುವುದು ಬಹುಮಟ್ಟಿಗೆ ಇಲ್ಲೇ. ಎರಡನೆಯ ಕ್ಷಿಪಣಿಗೆ ಎಲ್ಲರೂ ಹೆದರುತ್ತಾರೆ, ಮೊದಲ ಕಂತಿಗೆ ಹೆದರುವವರು ಕಡಿಮೆ.

ಇದಕ್ಕೆ ನಾವು ಕೇಳಿ ಪಡೆದ ಉತ್ತರ ಎರಡು. ಕಂತು ಶುರುವಾಗುವ ಮೊದಲಿನ ಬಿಡುವು, ಅಂದರೆ ಮೊರಟೋರಿಯಂ, ಕಾಮಗಾರಿ ಮುಗಿದ ದಿನದಿಂದ ಅಲ್ಲ, ಜಿಎಂಪಿ ಪ್ರಮಾಣಪತ್ರ ಸಿಕ್ಕ ದಿನದಿಂದ ಎಣಿಕೆಯಾಗಬೇಕು, ಆದರೆ ಅದಕ್ಕೊಂದು ಕೊನೆಯ ದಿನಾಂಕ ಇರಲಿ. ಸಾಲದಾತರಿಗೆ ಅನಿರ್ದಿಷ್ಟ ಅವಧಿ ಒಪ್ಪಲಾಗುವುದಿಲ್ಲ, ನ್ಯಾಯವೂ ಅಲ್ಲ. ಎರಡನೆಯದು, ವ್ಯಾಲಿಡೇಶನ್ ಖರ್ಚನ್ನು ದುಡಿಯುವ ಬಂಡವಾಳವೆನ್ನದೆ ಯೋಜನಾ ವೆಚ್ಚದಲ್ಲೇ ಸೇರಿಸುವುದು. ಜೊತೆಗೆ 6 ತಿಂಗಳ ಕಂತು, ಬಡ್ಡಿಗಾಗುವಷ್ಟು ಮೀಸಲು ಖಾತೆ. ಮೇಲಿನ ಲೆಕ್ಕದಲ್ಲಿ ಅದು ಸುಮಾರು 18 ಲಕ್ಷ.

ಆ ನಡುವಿನ ಕಾಲಕ್ಕೆ ವೆರ್ಣಾದ ಘಟಕ ಕೆಲಸಕ್ಕೆ ಬಂತು. ಅದೇ ಸೂತ್ರದ ಮಾತ್ರೆ ಅಲ್ಲಿ ಮಾಡಿಸಿ ಉಕ್ರೇನಿಗೆ ಕಳಿಸಿದರೆ ಮಾರುಕಟ್ಟೆ ಕೈತಪ್ಪುವುದಿಲ್ಲ, ಒಂದಿಷ್ಟು ನಗದೂ ಬರುತ್ತದೆ. ಆದರೆ ಗೋವಾದ ಸ್ಥಳವೂ ನೋಂದಣಿ ಪತ್ರದಲ್ಲಿ ಸೇರಬೇಕು, ಆ ಅರ್ಜಿ ಕಾರ್ಖಾನೆ ಕಟ್ಟುವ ಅರ್ಜಿಗಿಂತ ಮೊದಲೇ ಹೋಗಬೇಕು. ಸುಲಭದ ಮಾತ್ರೆಗಳನ್ನು ಮೊದಲು ಆರಿಸಿ. ಅಲ್ಲಿನ ಕಾರ್ಖಾನೆಯಲ್ಲೂ ಮಾತ್ರೆ ಲೈನೇ ಮೊದಲು. ಇಂಜೆಕ್ಷನ್ನಿಗೆ ಎರಡನೆಯ ಹಂತದ ಸಾಲ, ಮಾತ್ರೆಯ ಮಾರಾಟ ಶುರುವಾದ ಮೇಲೆ ಬಿಡುಗಡೆ.

ಕೊನೆಯಲ್ಲಿ ‘ಪೂರ್ಣಗೊಂಡಿದೆ’ ಎಂಬುದಕ್ಕೆ ಕರಾರಿನಲ್ಲಿ ಮೂರು ವ್ಯಾಖ್ಯೆ ಇರುತ್ತವೆ. ಕಟ್ಟಡ ಮತ್ತು ಯಂತ್ರ ಮುಗಿದದ್ದು ಒಂದು, ಜಿಎಂಪಿ ಮತ್ತು ನೋಂದಣಿ ಸಿಕ್ಕದ್ದು ಇನ್ನೊಂದು, ಎರಡು ತ್ರೈಮಾಸಿಕ ಕಂತು ಕಟ್ಟುವಷ್ಟು ನಗದು ಬಂದದ್ದು ಮೂರನೆಯದು. ಮಾತೃ ಕಂಪನಿಯ ಗ್ಯಾರಂಟಿ ಬಿಡುಗಡೆಯಾಗುವುದು ಮೂರನೆಯದು ಆದ ಮೇಲೆ. ಬಿಡುಗಡೆ ಪತ್ರ ಬಂದ ದಿನ ಅದನ್ನು ಮುಂಬೈಯ ಬ್ಯಾಂಕಿಗೆ ಕೊಟ್ಟು ರಿಸರ್ವ್ ಬ್ಯಾಂಕಿನ ದಾಖಲೆಯಲ್ಲಿ ತೆಗೆಸಬೇಕು. ತೆಗೆಸುವವರೆಗೆ ಆ ಮೊತ್ತ 400%ರ ಮಿತಿಯಲ್ಲಿ ಎಣಿಕೆಯಾಗುತ್ತಲೇ ಇರುತ್ತದೆ, ಇಂಜೆಕ್ಷನ್ ಲೈನಿನ ಎರಡನೆಯ ಸಾಲಕ್ಕೆ ಗ್ಯಾರಂಟಿ ಕೊಡಲು ಜಾಗ ಉಳಿಯುವುದಿಲ್ಲ.